ಸೂಪರಿಂಟೆಂಡೆಂಟರು ಅಕ್ಕನ ಗಾಡಿಗೆ ವೈರಿಂಗ್ ಮಾಡಿದ್ದು

ಸೂಪರಿಂಟೆಂಡೆಂಟರು ನಿವೃತ್ತರಾದ ದಿನ ಕಚೇರಿಯವರು ಅವರಿಗೆ ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ಯಾವ ಹೊತ್ತಿಗೂ ಎಲ್ಲಿಗೂ ಹೋಗಬೇಕಾಗಿಲ್ಲದ ಮನುಷ್ಯನಿಗೆ ಗಡಿಯಾರ ಕೊಡುವುದು ಗೌರವವೋ ಗೇಲಿಯೋ ಎಂದು ಅವರ ಹೆಂಡತಿ ಕೇಳಿದಳು. ಸೂಪರಿಂಟೆಂಡೆಂಟರಿಗೆ ಅಂಥ ಅನುಮಾನವೇನೂ ಬರಲಿಲ್ಲ. ಅವರು ಗಡಿಯಾರದ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಸ್ವೀಕರಿಸಿದ ದಿನಾಂಕ ಬರೆದು, ಕೆಳಗೆ ಚಿಕ್ಕ ಸಹಿ ಹಾಕಿ, ಆಮೇಲೆ ಗೋಡೆಗೆ ತೂಗುಹಾಕಿದರು.

ಮೂವತ್ತನಾಲ್ಕು ವರ್ಷ ಅವರು ಕೂತದ್ದು ಆವಕ-ಜಾವಕದ ಮೇಜಿನ ಹಿಂದೆ. ಕಚೇರಿಯೊಳಗೆ ಬಂದ ಕಾಗದಕ್ಕೆಲ್ಲ ನಂಬರು ಹಾಕಿ ಒಂದು ದಪ್ಪ ಪುಸ್ತಕದಲ್ಲಿ ಏರಿಸುವುದು, ಹೊರಗೆ ಹೋದ ಕಾಗದಕ್ಕೆಲ್ಲ ನಂಬರು ಹಾಕಿ ಇನ್ನೊಂದು ದಪ್ಪ ಪುಸ್ತಕದಲ್ಲಿ ಏರಿಸುವುದು. ನಡುವೆ ಕಾಗದದ ಗತಿ ಏನಾಯಿತು ಎಂದು ಕೇಳಿದರೆ ಅದು ತಮ್ಮ ವಿಭಾಗವಲ್ಲ ಎನ್ನುತ್ತಿದ್ದರು. ಅಕ್ಷರವೇನೋ ಮುತ್ತಿನಂಥದ್ದು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಒಂದು ಕಾಗದಕ್ಕೆ ಒಂದೇ ನಂಬರು ಎನ್ನುವುದು ಅವರ ಬದುಕಿನ ಏಕೈಕ ತತ್ವ. ಒಂದೇ ಅರ್ಜಿಗೆ ಎರಡು ನಂಬರು ಹಾಕಿದ ಒಬ್ಬ ಗುಮಾಸ್ತನಿಗೆ ನೋಟಿಸು ಕೊಡಿಸಿದ್ದರು. ಅವನು ಎಲ್ಲರೆದುರು ಕಣ್ಣೀರು ಹಾಕಿದಾಗ, ನೋಟಿಸಿನ ಮೇಲೆ ಹನಿ ಬಿದ್ದೀತು ಎಂದು ಅದನ್ನು ಪಕ್ಕಕ್ಕೆ ಎಳೆದುಕೊಂಡಿದ್ದರಂತೆ. ಸೂಪರಿಂಟೆಂಡೆಂಟ್ ಪದವಿ ಸಿಕ್ಕಿದ್ದು ಕೊನೆಯ ಹನ್ನೊಂದು ತಿಂಗಳು ಮಾತ್ರ. ಆದರೆ ತರಕಾರಿಯವನ ಹತ್ತಿರವೂ ಅವರು ತಮ್ಮನ್ನು ಹಾಗೆಯೇ ಪರಿಚಯಿಸಿಕೊಂಡದ್ದರಿಂದ, ಬೀದಿಯಲ್ಲಿ ಈಗ ಅವರಿಗೆ ಬೇರೆ ಹೆಸರಿಲ್ಲ.

ಕೆಲಸವಿಲ್ಲದ ಕೈ ಸುಮ್ಮನಿರಲಿಲ್ಲ. ಮೊದಲ ತಿಂಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಬಿತ್ತು. ಉಪ್ಪು ಹದಿನಾರು, ಸಕ್ಕರೆ ಹದಿನೇಳು. ಎರಡನೆಯ ತಿಂಗಳು ಚಪ್ಪಲಿಗಳ ಸರದಿ. ಹೆಂಡತಿಯ ಪಿತ್ತ ನೆತ್ತಿಗೇರಿತು. ಅವಳು ಹಿತ್ತಿಲ ಕೋಣೆಗೆ ಹೋಗಿ, "ಅತ್ತಿಗೆ, ಈ ಮನುಷ್ಯನಿಗೆ ಏನಾದ್ರೂ ಒಂದು ಕೆಲಸ ಹಚ್ಚಿ ಪುಣ್ಯ ಕಟ್ಕೊಳ್ಳಿ. ಇಲ್ದಿದ್ರೆ ನಾಳೆ ನನ್ನ ಬೆನ್ನಿಗೂ ಚೀಟಿ ಅಂಟಿಸ್ತಾರೆ," ಎಂದು ಅಲವತ್ತುಕೊಂಡಳು.

ಹಿತ್ತಿಲ ಕೋಣೆಯಲ್ಲಿದ್ದವಳು ಸೂಪರಿಂಟೆಂಡೆಂಟರ ಅಕ್ಕ. ಕೋಣೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳ ಗಾಡಿ. ದುಂಡು ದೀಪದ, ಉಬ್ಬುಗೆನ್ನೆಯ ಹಳೆಯ ಪಿಕಪ್. ಬಣ್ಣ ಒಂದು ಕಾಲಕ್ಕೆ ನೀಲಿಯಿತ್ತು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಹನ್ನೆರಡು, ಅಕ್ಕನಿಗೆ ಇಪ್ಪತ್ತೊಂದು. ಅಪ್ಪನ ಕೆಲಸವೆಂದರೆ ಮಿಲ್ಲಿನಿಂದ ಬೇಕರಿಗಳಿಗೆ ಹಿಟ್ಟಿನ ಮೂಟೆ ಸಾಗಿಸುವುದು. ಹದಿಮೂರನೆಯ ದಿನ ಅಕ್ಕ ಆ ಸೀಟಿನಲ್ಲಿ ಕೂತಳು. ನಲವತ್ತೆಂಟು ವರ್ಷವಾಯಿತು, ಇನ್ನೂ ಇಳಿದಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಗಾಡಿಯಲ್ಲಿ ಮೂಟೆ ಇರುತ್ತಿತ್ತು, ಇಳಿಸಿ ಬರುತ್ತೇನೆ ಎಂದು ಹೋದವಳು ಬರುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ತಮ್ಮನ ಶಾಲೆ, ಕಾಲೇಜು, ಟೈಪಿಂಗ್ ಪರೀಕ್ಷೆ ಎಲ್ಲವೂ ಆ ಗಾಡಿಯ ಹಿಂದೆಯೇ ಬಂದವು. ತಮ್ಮನಿಗೆ ಮಾತ್ರ ಆ ಗಾಡಿ ಹತ್ತಿದರೆ ಪ್ಯಾಂಟಿಗೆ ಹಿಟ್ಟು ಮೆತ್ತುತ್ತದೆ ಎಂಬ ದುಃಖ. ಬೀಳ್ಕೊಡುಗೆಯ ಭಾಷಣದಲ್ಲಿ ಅವರು ಹನ್ನೆರಡು ಜನ ಮೇಲಧಿಕಾರಿಗಳನ್ನು ಹೆಸರು ಹಿಡಿದು ಸ್ಮರಿಸಿದರು. ಅಕ್ಕನ ನೆನಪಾಗಲಿಲ್ಲ. ಅವಳು ಹೊರಗೆ ಗಾಡಿಯಲ್ಲೇ ಕೂತಿದ್ದಳು, ಗಡಿಯಾರವನ್ನು ಮನೆಗೆ ಒಯ್ಯಬೇಕಿತ್ತಲ್ಲ.

ಹೀಗಿರುವಾಗ ಸಾರಿಗೆ ಕಚೇರಿಯಿಂದ ಒಂದು ನೋಟಿಸು ಬಂತು. ಇಷ್ಟು ವರ್ಷಕ್ಕೆ ಮೇಲ್ಪಟ್ಟ ವಾಹನಗಳನ್ನೆಲ್ಲ ಎರಡು ತಿಂಗಳೊಳಗೆ ತಪಾಸಣೆಗೆ ತರತಕ್ಕದ್ದು; ದೀಪ, ಹಾರ್ನು, ವೈಪರು ಕ್ರಮಬದ್ಧವಾಗಿಲ್ಲದಿದ್ದಲ್ಲಿ ನೋಂದಣಿ ರದ್ದುಗೊಳಿಸಿ ಗುಜರಿಗೆ ಕಳಿಸಲಾಗುವುದು. ಅಕ್ಕ ನೋಟಿಸನ್ನು ಮಡಚಿ ಸೀಟಿನ ಸಂದಿಗೆ ತುರುಕಿ, "ಹೋಗಿ ತೋರಿಸ್ಕೊಂಡು ಬಂದ್ರಾಯ್ತು," ಎಂದಳು. ಸೂಪರಿಂಟೆಂಡೆಂಟರು ಅದನ್ನು ಹೊರಗೆಳೆದು ಮೂರು ಸಲ ಓದಿದರು. ನಾಲ್ಕು ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ಬಂತು.

"ಬಾನೆಟ್ ಎತ್ತು ಅಕ್ಕಾ."

ಎತ್ತಿದಳು. ಒಳಗಿದ್ದದ್ದನ್ನು ಕಂಡು ಸೂಪರಿಂಟೆಂಡೆಂಟರು ಒಂದು ಹೆಜ್ಜೆ ಹಿಂದೆ ಸರಿದರು. ಅರ್ಧ ಶತಮಾನದ ವೈರುಗಳು, ಬಿಸಿಲಿಗೆ ಕಾವಿಗೆ ಬಣ್ಣ ಕಳೆದುಕೊಂಡು ಎಲ್ಲವೂ ಒಂದೇ ಮಣ್ಣಿನ ಬಣ್ಣ. ಅಲ್ಲಲ್ಲಿ ಗಂಟು. ಗಂಟಿನ ಮೇಲೆ ಟೇಪು, ಟೇಪಿನ ಮೇಲೆ ಹಳೆ ಬಟ್ಟೆಯ ಚಿಂದಿ. ಕೆಲವಕ್ಕೆ ಜಡೆಯ ರಿಬ್ಬನ್ನು, ಒಂದು ಕಡೆ ಪುಟ್ಟ ಹೇರ್‌ಪಿನ್ನು.

"ಇದು ವೈರಿಂಗಾ ಅಕ್ಕಾ? ಹಕ್ಕಿ ಗೂಡಿದ್ದ ಹಾಗಿದೆ!"

"ದೀಪ ಹತ್ತುತ್ತೆ, ಹಾರ್ನ್ ಕೂಗುತ್ತೆ. ಇನ್ನೇನು ಬೇಕೋ ನಿಂಗೆ?"

"ನನಗಲ್ಲ, ಅಧಿಕಾರಿಗೆ. ಇಂಥದ್ದನ್ನ ನೋಡಿದ್ರೆ ಅವರು ಕಾಗದಪತ್ರ ಮುಖದ ಮೇಲೆ ಎಸೀತಾರೆ. ಅಂಥ ಅಧಿಕಾರಿಗಳನ್ನ ನಾನು ನೋಡಿದೀನಿ. ನಾನೇ ಅಂಥವನು."

ಇಡೀ ಗಾಡಿಯ ವೈರಿಂಗನ್ನು ತಾವೇ ಬಿಚ್ಚಿ ಹೊಸದಾಗಿ ಹಾಕುವುದಾಗಿ ಅವರು ಘೋಷಿಸಿದರು. ಬಲ್ಬು ಬದಲಾಯಿಸಲು ಸಹ ಸ್ಟೂಲು ಹಿಡಿದುಕೋ ಎಂದು ಹೆಂಡತಿಯನ್ನು ಕರೆಯುವವರು. ಅಕ್ಕ ಅವರ ಮುಖ ನೋಡಿದಳು. ಅರವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ತಾನಾಗಿ ಗಾಡಿಯ ಹತ್ತಿರ ಬಂದಿದ್ದ, ತೋಳು ಬೇರೆ ಮಡಚಿದ್ದ. ಆ ಸಂತೋಷಕ್ಕೇ ಅವಳು ಮೋಸಹೋದಳು ಎನ್ನಬೇಕು. "ಮಾಡಪ್ಪ," ಎಂದಳು. ಬೇಕರಿಗಳಿಗೆ ಹೋಗಿ, ಎರಡು ತಿಂಗಳು ಬೇರೆ ಗಾಡಿ ನೋಡಿಕೊಳ್ಳಿ ಎಂದು ಹೇಳಿ ಬಂದಳು. ಎರಡು ತಿಂಗಳು ಕಾಯುತ್ತೇವೆ, ಆಮೇಲೆ ಹೊಸ ವ್ಯಾನಿನವನಿಗೇ ಖಾಯಂ ಮಾಡಿಬಿಡುತ್ತೇವೆ ಎಂದು ಅವರೂ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಹಾಗಾಗಿ ಗಾಡಿ ಪಾಸಾಗದಿದ್ದರೆ ಅಕ್ಕನಿಗೆ ಗಾಡಿಯೂ ಇಲ್ಲ, ಕೆಲಸವೂ ಇಲ್ಲ, ಬೆಳಗಾದರೆ ಏಳುವುದಕ್ಕೆ ಒಂದು ನೆಪವೂ ಇಲ್ಲ.

ಶೆಡ್ಡಿನಲ್ಲಿ ಒಂದು ಮೇಜು ಬಂತು. ಮೇಜಿನ ಮೇಲೆ ಹೊಸ ರಿಜಿಸ್ಟರು, ಎರಡು ಬಣ್ಣದ ಮಸಿ, ದಾರದ ಉಂಡೆ, ಕತ್ತರಿಸಿಟ್ಟ ರಟ್ಟಿನ ಚೀಟಿಗಳ ರಾಶಿ. ಬಾಗಿಲಿಗೆ 'ಅನುಮತಿ ಇಲ್ಲದೆ ಪ್ರವೇಶವಿಲ್ಲ' ಎಂಬ ಫಲಕವೂ ಬಂತು. ಅದು ಅಕ್ಕನ ಶೆಡ್ಡು ಎಂದು ಹೆಂಡತಿ ನೆನಪಿಸಿದಾಗ, "ಅದಕ್ಕೇ ಅನುಮತಿ ಕೇಳಲಿ," ಎಂದರು. ಬೆಳಿಗ್ಗೆ ಹತ್ತಕ್ಕೆ ಶೆಡ್ಡಿಗೆ ಹೋಗುವುದು, ಒಂದಕ್ಕೆ ಊಟಕ್ಕೆ ಬರುವುದು, ಐದಕ್ಕೆ ಮುಚ್ಚುವುದು. ಎರಡನೆಯ ಶನಿವಾರ ರಜೆ.

ಕೆಲಸದ ವಿಧಾನ ಹೀಗಿತ್ತು. ಒಂದು ವೈರನ್ನು ಹಿಡಿಯುವುದು, ಕತ್ತರಿಸುವುದು, ಎಳೆದು ಹೊರಗೆ ತೆಗೆಯುವುದು, ತುದಿಗೆ ಚೀಟಿ ಕಟ್ಟುವುದು, ರಿಜಿಸ್ಟರಿನಲ್ಲಿ ಏರಿಸುವುದು. ಆವಕ ಸಂಖ್ಯೆ, ದಿನಾಂಕ, ಉದ್ದ, ಸ್ಥಿತಿ, ಷರಾ. ಗಂಟು ಕಂಡರೆ ಷರಾದಲ್ಲಿ 'ಅನಧಿಕೃತ ಜೋಡಣೆ, ತೆಗೆದುಹಾಕಲಾಗಿದೆ' ಎಂದು ಕೆಂಪು ಮಸಿಯಲ್ಲಿ ಬರೆಯುವುದು. ಗಂಟನ್ನು ಕತ್ತರಿಸಿ ಬಕೆಟ್ಟಿಗೆ ಹಾಕುವುದು. ದಿನಕ್ಕೆ ನಾಲ್ಕು ವೈರು, ಹೆಚ್ಚೆಂದರೆ ಐದು. ಅವಸರ ಮಾಡಿದರೆ ಅಕ್ಷರ ಕೆಡುತ್ತದೆ. ಐದು ವಾರ ಕಳೆದಾಗ ನೂರ ಇಪ್ಪತ್ತಾರು ವೈರುಗಳು ಮೊಳೆಗಳಿಗೆ ಸಾಲಾಗಿ ನೇತಾಡುತ್ತಿದ್ದವು, ನಲವತ್ಮೂರು ಅನಧಿಕೃತ ಗಂಟುಗಳು ಗುಜರಿಯವನ ಸೈಕಲ್ಲೇರಿ ಹೋಗಿದ್ದವು. ಗಾಡಿಯ ಒಳಗೆ ಒಂದು ಎಳೆ ಉಳಿದಿರಲಿಲ್ಲ. ಸೂಪರಿಂಟೆಂಡೆಂಟರು ಹೆಂಡತಿಯನ್ನು ಕರೆದು ತೋರಿಸಿದರು. ಅವಳು ಸಾಲನ್ನೆಲ್ಲ ನೋಡಿ, "ಚೆನ್ನಾಗಿದೆ. ಒಣಗಿದ ಮೇಲೆ ಮಡಚಿಡ್ತೀರಾ?" ಎಂದು ಕೇಳಿ ಒಳಗೆ ಹೋದಳು.

ಮಾರನೆಯ ದಿನ ಹೊಸ ವೈರಿನ ಸುರುಳಿ ಬಿಚ್ಚಿ ಮೊದಲನೆಯ ಚೀಟಿ ಕೈಗೆತ್ತಿಕೊಂಡರು. ಆವಕ ಒಂದು. ಉದ್ದ ಮೂರು ಅಡಿ. ಸ್ಥಿತಿ ಸಾಧಾರಣ. ಇಂಜಿನ್ನಿನ ಎಡಬದಿಯಿಂದ ಸ್ವೀಕರಿಸಿದ್ದು. ಸರಿ, ಈ ತುದಿ ಎಡಬದಿಯದು. ಆ ತುದಿ?

ಸೂಪರಿಂಟೆಂಡೆಂಟರು ಆ ತುದಿಯನ್ನು ನೋಡಿದರು. ಅಲ್ಲಿ ಚೀಟಿ ಇರಲಿಲ್ಲ. ಎರಡನೆಯದನ್ನು ನೋಡಿದರು, ಹತ್ತನೆಯದನ್ನು ನೋಡಿದರು, ನೂರ ಇಪ್ಪತ್ತಾರನ್ನೂ ನೋಡಿದರು. ಎಲ್ಲಕ್ಕೂ ಒಂದೊಂದೇ ಚೀಟಿ. ವೈರು ಒಂದೇ ಆದರೂ ಅದಕ್ಕೆ ತುದಿ ಎರಡು ಎಂಬ ಸಂಗತಿ, ಐದು ವಾರ ಪ್ರತಿಯೊಂದನ್ನೂ ಅಡ್ಡ ಉದ್ದ ಅಳೆದ ಆ ಮಹಾನುಭಾವರ ತಲೆಗೆ ಆವತ್ತು ಬೆಳಿಗ್ಗೆ ಹತ್ತೂಕಾಲಿಗೆ ಹೊಳೆಯಿತು. ಕಾಗದಕ್ಕೆ ಎರಡು ನಂಬರು ಹಾಕುವುದು ಅಪರಾಧವೆಂದು ಮೂವತ್ತನಾಲ್ಕು ವರ್ಷ ಕಲಿತ ಕೈ, ವೈರಿಗೆ ಎರಡು ನಂಬರು ಹಾಕೀತಾದರೂ ಹೇಗೆ? ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಆ ಜಾತಿಯ ಗಾಡಿಯ ನಕ್ಷೆಯೊಂದಿತ್ತು. ಅಂಗೈ ಅಗಲದ ಆ ಚಿತ್ರದಲ್ಲಿ ವೈರುಗಳಿಗೆ ಏಳು ಬಣ್ಣ. ಮೊಳೆಗೆ ನೇತುಬಿದ್ದವಕ್ಕೆ ಒಂದೇ ಬಣ್ಣ. ಎರಡು ದಿನ ಅವರು ತಲೆ ಮೇಲೆ ಕೈ ಹೊತ್ತು ಕೂತರು. ಮೂರನೆಯ ದಿನ ಒಂದಕ್ಕೆ ಊಟಕ್ಕೂ ಬರಲಿಲ್ಲ.

ಅಕ್ಕನೇ ಫಲಕವನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದಳು. ವಿಷಯ ಕೇಳಿ ನಕ್ಕಳು.

"ಅಷ್ಟೇ ತಾನೇ? ಅದಕ್ಯಾಕೆ ಹೀಗೆ ಮುಖ ಬಾಡಿಸ್ಕೊಂಡಿದೀಯಾ? ನಾನು ಹೇಳ್ತೀನಿ ಬಿಡು. ಒಂದೊಂದು ಗಂಟೂ ನಂಗೆ ಗೊತ್ತು. ರಿಬ್ಬನ್ ಕಟ್ಟಿದ್ದು ಹಿಂದಿನ ದೀಪಕ್ಕೆ ಹೋಗುತ್ತೆ, ಸೇತುವೆ ಮೇಲೆ ನಿಂತ್ಕೊಂಡು ಕಟ್ಟಿದ್ದು. ಹಸಿರು ಚಿಂದಿ ನಿನ್ನ ಸ್ಕೂಲ್ ಅಂಗಿದು, ಅದು ಹಾರ್ನಿನದು. ಎಲ್ಲಿವೆ, ಕೊಡಿಲ್ಲಿ."

ಸೂಪರಿಂಟೆಂಡೆಂಟರು ಖಾಲಿ ಬಕೆಟ್ಟಿನ ಕಡೆ ನೋಡಿದರು.

"ಗಂಟುಗಳೆಲ್ಲ ಎಲ್ಲೋ?"

"ತೆಗೆದೆ."

"ತೆಗೆದು?"

"ಗುಜರಿಯವನಿಗೆ..."

ಅಕ್ಕ ಒಂದು ವೈರನ್ನು ಮೊಳೆಯಿಂದ ತೆಗೆದು ಬೆರಳಲ್ಲಿ ಸವರುತ್ತಾ ಹೋದಳು. ಈ ತುದಿಯಿಂದ ಆ ತುದಿಗೆ ಎಲ್ಲೂ ಬೆರಳು ತಡೆಯಲಿಲ್ಲ. ಅದನ್ನು ತಿರುಗಿ ಮೊಳೆಗೆ ಹಾಕಿದಳು. "ಇದ್ಯಾವುದೂ ನನ್ನ ಗಾಡೀದಲ್ಲ," ಎಂದು ಹೇಳಿ ಹೊರಟುಹೋದಳು. ಅವಳು ಬೈದಿದ್ದರೆ ಸೂಪರಿಂಟೆಂಡೆಂಟರಿಗೆ ಎಷ್ಟೋ ಹಾಯೆನಿಸುತ್ತಿತ್ತು.

ತಪಾಸಣೆಗೆ ಹನ್ನೊಂದು ದಿನ ಉಳಿದಿತ್ತು. ಬೇರೆ ದಾರಿ ಕಾಣದೆ ಸೂಪರಿಂಟೆಂಡೆಂಟರು ಬೀದಿಯ ತಿರುವಿನಲ್ಲಿದ್ದ ಡೈನಮೋನ ಅಂಗಡಿಗೆ ಹೋದರು. ಡೈನಮೋ ಎಂದರೆ ಗಾಡಿಗಳ ಎಲೆಕ್ಟ್ರಿಷಿಯನ್. ಬಾಯಲ್ಲಿ ಸದಾ ಎರಡು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಅವನ ಮಾತು ಕಡಿಮೆ. ಅವನು ಶೆಡ್ಡಿಗೆ ಬಂದು, ಮೊಳೆಗಳ ಸಾಲನ್ನು, ಚೀಟಿಗಳನ್ನು, ರಿಜಿಸ್ಟರನ್ನು ಒಂದೊಂದಾಗಿ ನೋಡಿದ. ಸ್ಕ್ರೂಗಳನ್ನು ಬಾಯಿಂದ ತೆಗೆದ.

"ಯಾರು ಬಿಚ್ಚಿದ್ದು?"

"ನಾನೇ. ಎಲ್ಲ ದಾಖಲೆ ಇದೆ."

"ಇನ್ನೊಬ್ರು ಬಿಚ್ಚಿದ ಗಾಡಿ ನಾನು ಮುಟ್ಟಲ್ಲ ಸಾರ್. ನಾಳೆ ಹೊಗೆ ಬಂದ್ರೆ ನನ್ನ ಹೆಸರು ಹೇಳ್ತಾರೆ."

ಅಷ್ಟರಲ್ಲಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ಕಣ್ಣಿಗೆ ಬಿದ್ದಳು. "ಅಕ್ಕನ ಗಾಡೀನಾ ಇದು?" ಎಂದ ಡೈನಮೋ. ಬಾನೆಟ್ಟಿನ ಮೇಲೆ ಕೈಯಿಟ್ಟ. "ಹಳೆ ವೈರ್ ಎಲ್ಲ ಬಿಸಾಕಿ. ಹೊಸದಾಗಿ ಎಳೀತೀನಿ. ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗೆ. ಅಕ್ಕನ ಮುಖ ನೋಡಿ ಮಾಡ್ತಿರೋದು. ಆದ್ರೆ ಒಂದು ಮಾತು. ನಿಮ್ಮ ಪೆನ್ನು ಮನೆ ಒಳಗಿರ್ಬೇಕು."

ಒಂಬತ್ತು ದಿನ ಕೆಲಸ ನಡೆಯಿತು. ಡೈನಮೋ ಗಾಡಿಯ ಕೆಳಗೆ ಮಲಗಿ ವೈರು ಎಳೆಯುತ್ತಿದ್ದ. ಸೂಪರಿಂಟೆಂಡೆಂಟರು ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡು ವೈರಿನ ತುದಿಗೆ ಕಟ್ಟಿದ ಒಂದು ಪುಟ್ಟ ಬಲ್ಬನ್ನು ಹಿಡಿದುಕೊಂಡು, ಅದು ಹತ್ತಿದರೆ ಹತ್ತಿತು ಎನ್ನಬೇಕು, ಹತ್ತದಿದ್ದರೆ ಹತ್ತಲಿಲ್ಲ ಎನ್ನಬೇಕು. ಬೇರೆ ಮಾತಿಲ್ಲ. ಒಂದು ಅಲ್ಪವಿರಾಮದ ಬಗ್ಗೆ ಮೂರು ಪುಟ ಟಿಪ್ಪಣಿ ಬರೆದವರಿಗೆ ಇದು ಬಾಯಿಗೆ ಬೀಗ ಜಡಿದಂತೆಯೇ. ಎರಡನೆಯ ದಿನ ತಡೆಯಲಾರದೆ, "ದೀಪವು ಭಾಗಶಃ ಹತ್ತಿರುವಂತೆ ಕಂಡುಬರುತ್ತದೆ," ಎಂದುಬಿಟ್ಟರು.

ಗಾಡಿಯ ಕೆಳಗಿಂದ ಧ್ವನಿ ಬಂತು. "ಸಾರ್. ಹತ್ತಿತಾ, ಇಲ್ವಾ?"

"ಹತ್ತಿತು."

ಆದರೂ ಹೇಳಬೇಕಾದ್ದನ್ನು ಹೇಳಬೇಕು. ಐದನೆಯ ದಿನದ ಹೊತ್ತಿಗೆ ಸೂಪರಿಂಟೆಂಡೆಂಟರು ವೈರಿನ ಸಿಪ್ಪೆ ಸುಲಿಯುವುದನ್ನು ಕಲಿತಿದ್ದರು. ಏಳನೆಯ ದಿನ ಡೈನಮೋ ಒಂದು ಜೋಡಣೆಯನ್ನು ಅವರ ಕೈಗೇ ಬಿಟ್ಟ. ಬೆರಳು ಸುಟ್ಟುಕೊಂಡರು, ಆದರೆ ಬಲ್ಬು ಹತ್ತಿತು. ಆ ಸಂಭ್ರಮದಲ್ಲಿ ಚೀಟಿ ಬರೆಯುವುದೇ ನೆನಪಾಗಲಿಲ್ಲ. ಅಕ್ಕ ಮಾತ್ರ ಶೆಡ್ಡಿನ ಕಡೆ ಸುಳಿಯಲಿಲ್ಲ. ಚಹಾ ತಂದು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು.

ತಪಾಸಣೆಯ ದಿನ ಬೆಳಿಗ್ಗೆ ಕೊನೆಯ ಫ್ಯೂಸು ಕೂತಿತು. ಅಕ್ಕ ಸೀಟು ಒರೆಸಿ ಹತ್ತಿದಳು. ಪಕ್ಕದಲ್ಲಿ ಸೂಪರಿಂಟೆಂಡೆಂಟರು, ತೊಡೆಯ ಮೇಲೆ ಕಾಗದಪತ್ರಗಳ ಫೈಲು. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಅವರ ಎದೆ ಉಬ್ಬಿತು. ಮೊದಲ ತಿರುವಿನಲ್ಲಿ ಎಡಕ್ಕೆ ಹೋಗಬೇಕಿತ್ತು. ಅಕ್ಕನ ಕೈ ಡ್ಯಾಶ್‌ಬೋರ್ಡಿನ ಒಂದು ಗುಬುಟನ್ನು ಎಳೆಯಿತು. ಒಣ ಗಾಜಿನ ಮೇಲೆ ವೈಪರು ಕಿರಗುಟ್ಟುತ್ತಾ ಓಡಾಡತೊಡಗಿತು.

"ಅದು ವೈಪರ್ ಅಕ್ಕಾ! ಸಿಗ್ನಲ್ ಸ್ಟೇರಿಂಗ್ ಪಕ್ಕದಲ್ಲಿದೆ ನೋಡು, ಆ ಕಡ್ಡಿ."

"ಅದು ಮುರಿದು ಮೂವತ್ತು ವರ್ಷ ಆಯ್ತು. ಮಳೇಲಿ ಮುರೀತು. ವೈಪರ್ ಗುಬುಟಿಗೆ ಎಡಗಡೆ ದೀಪ ಕಟ್ಕೊಂಡೆ, ಹೀಟರ್ ಗುಬುಟಿಗೆ ಬಲಗಡೆದು ಕಟ್ಕೊಂಡೆ, ವೈಪರಿಗೆ ಬೇರೆ ಸ್ವಿಚ್ಚು ಹಾಕ್ಕೊಂಡೆ."

"ಈಗ ಹೊಸ ಕಡ್ಡಿ ಹಾಕಿದೀವಿ. ಎಲ್ಲ ಅದರದರ ಜಾಗದಲ್ಲಿದೆ. ಅಭ್ಯಾಸ ಆಗುತ್ತೆ ಬಿಡು."

ಅಕ್ಕ ವೈಪರು ನಿಲ್ಲಿಸಿದಳು. ಮುಂದಿನ ತಿರುವುಗಳಲ್ಲೆಲ್ಲ ಕಿಟಕಿಯಿಂದ ಕೈ ಹೊರಗೆ ಚಾಚಿಯೇ ಓಡಿಸಿದಳು.

ತಪಾಸಣೆಯ ಮೈದಾನದಲ್ಲಿ ಹಳೆ ಗಾಡಿಗಳ ಉದ್ದನೆಯ ಸಾಲು. ಅಧಿಕಾರಿ ಒಂದು ಛತ್ರಿಯ ಕೆಳಗೆ ಕುರ್ಚಿ ಹಾಕಿಕೊಂಡು, ಗಾಡಿಗಳಿಂದ ಹದಿನೈದು ಹೆಜ್ಜೆ ದೂರದಲ್ಲಿ ಕೂತಿದ್ದ. ಅಲ್ಲಿಂದಲೇ ಕೂಗುತ್ತಿದ್ದ, ಅಲ್ಲಿಂದಲೇ ನೋಡುತ್ತಿದ್ದ, ಅಲ್ಲಿಂದಲೇ ಗೀಟು ಹಾಕುತ್ತಿದ್ದ. ಬಾನೆಟ್ ಎತ್ತಿ ಎಂದು ಯಾರಿಗೂ ಹೇಳಲಿಲ್ಲ. ಒಳಗೆ ಯಾರು ಏನನ್ನು ಎಳೆದರು ಎಂದು ಬಗ್ಗಿ ನೋಡಲಿಲ್ಲ. ಮುಂದೆ ದೀಪ ಹತ್ತಿತೇ, ಮುಗಿಯಿತು. ಸಾಲಿನಲ್ಲಿ ನಿಂತು ಇದನ್ನು ನೋಡುತ್ತಾ ನೋಡುತ್ತಾ ಸೂಪರಿಂಟೆಂಡೆಂಟರಿಗೆ ಒಂದು ಯೋಚನೆ ಬಂತು. ಹಳೆಯ ಗಂಟುಗಳನ್ನೇ ಇಟ್ಟುಕೊಂಡು ಬಂದಿದ್ದರೆ ಅಕ್ಕ ಐದು ನಿಮಿಷದಲ್ಲಿ ಪಾಸಾಗಿ ಮಿಲ್ಲಿಗೆ ಹೋಗಿರುತ್ತಿದ್ದಳು. ಆ ಯೋಚನೆಯನ್ನು ಅವರು ಫೈಲಿನಂತೆ ಮುಚ್ಚಿಡಲು ನೋಡಿದರು, ಆಗಲಿಲ್ಲ.

ಅವರ ಸರದಿ ಬಂತು. ಅವರು ಇಳಿದು ಬದಿಗೆ ನಿಂತರು.

"ದೀಪ!" ಎಂದು ಕೂಗಿದ ಅಧಿಕಾರಿ. ದೀಪ ಹತ್ತಿತು.

"ಎಡ!"

ವೈಪರು ಓಡಿತು.

"ಎಡ ಅಂದೆ!"

ಅಕ್ಕ ಗಾಬರಿಯಾದಳು. ಕೈ ಅತ್ತಿತ್ತ ಹುಡುಕಿ ಇನ್ನೊಂದು ಗುಬುಟು ಎಳೆಯಿತು. ಹೀಟರಿನ ಫ್ಯಾನು ಚಾಲೂ ಆಗಿ ವರ್ಷಗಟ್ಟಲೆ ಕೂತಿದ್ದ ಹಿಟ್ಟಿನ ಧೂಳೆಲ್ಲ ಅವಳ ಮುಖಕ್ಕೆ ರಾಚಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹಾರ್ನ್!"

ಅಕ್ಕನ ಕೈ ಸೀಟಿನ ಕೆಳಗೆ ಹೋಯಿತು. ಅಲ್ಲಿ ಅವಳೇ ಕೂರಿಸಿಕೊಂಡಿದ್ದ ಒಂದು ಬಾಗಿಲ ಬೆಲ್ಲಿನ ಗುಂಡಿ ಇರುತ್ತಿತ್ತು. ಈಗ ಇರಲಿಲ್ಲ. ಕೈ ಬರಿ ತಗಡನ್ನು ಒತ್ತುತ್ತಾ ಇತ್ತು. ಅಧಿಕಾರಿ ಕುರ್ಚಿಯಿಂದಲೇ ಕುತ್ತಿಗೆ ಚಾಚಿ ಕೇಳಿದ, "ಅಮ್ಮಾ, ನಿಮಗೆ ಗಾಡಿ ಓಡಿಸೋಕೆ ಬರುತ್ತಾ?"

ಈಗ ನಕ್ಕವರು ಒಬ್ಬಿಬ್ಬರಲ್ಲ.

"ಬೇರೆ ಯಾರಾದ್ರೂ ಕೂತ್ಕೊಂಡು ತೋರಿಸ್ರೀ, ಹೊತ್ತಾಯ್ತು."

ಅಕ್ಕ ಇಳಿದಳು. ಸೂಪರಿಂಟೆಂಡೆಂಟರು ಹತ್ತಿದರು. ಜನ್ಮದಲ್ಲಿ ಒಂದು ಸೈಕಲ್ಲನ್ನೂ ಸರಿಯಾಗಿ ಓಡಿಸದ ಮನುಷ್ಯ, ಆ ಸೀಟಿನಲ್ಲಿ ಕೂತು, ಕಡ್ಡಿಯನ್ನು ಮೇಲೆತ್ತಿದರು, ಎಡ. ಕೆಳಗಿಳಿಸಿದರು, ಬಲ. ಸ್ಟೇರಿಂಗಿನ ನಡುವೆ ಒತ್ತಿದರು, ಹಾರ್ನು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿತು. ವೈಪರು ವೈಪರಿನ ಗುಬುಟಿಗೇ ಓಡಿತು. ಅಧಿಕಾರಿ ಪಟಪಟನೆ ಗೀಟು ಹಾಕಿ ಮೊಹರು ಒತ್ತಿದ. "ನೀಟಾಗಿದೆ ವೈರಿಂಗು. ಯಾರು ಮಾಡಿದ್ದು?" ಎಂದು ಕೇಳಿದ. ಜೀವಮಾನವಿಡೀ ಯಾರಾದರೂ ಇಂಥ ಪ್ರಶ್ನೆ ಕೇಳಲಿ ಎಂದು ಕಾದಿದ್ದ ಸೂಪರಿಂಟೆಂಡೆಂಟರು ಕನ್ನಡಿಯಲ್ಲಿ ನೋಡಿದರು. ಅಕ್ಕ ಗಾಡಿಯ ಹಿಂದೆ ನಿಂತು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದಳು. ತನ್ನ ಗಾಡಿಯನ್ನು ಅವಳು ಹೊರಗಿಂದ ನೋಡುತ್ತಿದ್ದ ರೀತಿ ಬಸ್ಸು ತಪ್ಪಿಸಿಕೊಂಡವರ ಹಾಗಿತ್ತು. ಸೂಪರಿಂಟೆಂಡೆಂಟರು ಉತ್ತರ ಕೊಡದೆ ಪತ್ರ ತೆಗೆದುಕೊಂಡರು.

ಮನೆಗೆ ಬಂದು ಗಾಡಿಯನ್ನು ಶೆಡ್ಡಿನೊಳಗೆ ಬಿಟ್ಟ ಅಕ್ಕ ಕೀಲಿಯನ್ನು ತಮ್ಮನ ಕೈಗಿಟ್ಟಳು.

"ಇಟ್ಕೋ. ಯಾರಾದ್ರೂ ಕೇಳಿದ್ರೆ ಕೊಟ್ಬಿಡು."

"ಯಾಕಕ್ಕಾ? ಪಾಸಾಯ್ತಲ್ಲ. ಎಲ್ಲ ಸರಿ ಇದೆಯಲ್ಲ."

"ಹೌದು, ಎಲ್ಲ ಸರಿ ಇದೆ. ನಾನೇ ಸರಿ ಇಲ್ಲ." ಅವಳು ಗಾಡಿಯ ಬಾಗಿಲು ಮುಚ್ಚಿದಳು. "ನನಗೀಗ ಅರವತ್ತೊಂಬತ್ತು ಕಣೋ. ಯಾವುದು ಎಲ್ಲಿದೆ ಅಂತ ನನ್ನ ತಲೆಗೆ ಗೊತ್ತಿರ್ಲಿಲ್ಲ, ಕೈಗೆ ಗೊತ್ತಿತ್ತು. ನಾಳೆ ಒಂದು ಮಗು ಅಡ್ಡ ಬಂದ್ರೆ ಈ ಕೈ ಸೀಟಿನ ಕೆಳಗೆ ಹಾರ್ನ್ ಹುಡುಕುತ್ತೆ. ಅಲ್ಲಿ ಹಾರ್ನ್ ಇರಲ್ಲ. ನಾನು ಓಡಿಸಲ್ಲ."

ಸೂಪರಿಂಟೆಂಡೆಂಟರು ಜಗಲಿಯಲ್ಲಿ ಕೂತು ಪ್ರಮಾಣಪತ್ರ ಬಿಡಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: 'ಈ ಪತ್ರ ಪಡೆದ ನಂತರ ವಾಹನದ ವೈರಿಂಗಿನಲ್ಲಿ ಯಾವುದೇ ಮಾರ್ಪಾಡು ಮಾಡಿದಲ್ಲಿ ಪತ್ರವು ತಾನಾಗಿಯೇ ರದ್ದಾಗತಕ್ಕದ್ದು.' ಅಧಿಕಾರಿಗೆ ಆ ಸಾಲು ಇದೆಯೆಂದೂ ಗೊತ್ತಿರಲಿಕ್ಕಿಲ್ಲ. ಆದರೆ ಅಚ್ಚಾದ ಸಾಲನ್ನು ಸೂಪರಿಂಟೆಂಡೆಂಟರು ಜನ್ಮದಲ್ಲಿ ಮೀರಿದವರಲ್ಲ. ಮುಂದಿಟ್ಟ ಚಹಾ ಆರಿಹೋಯಿತು. ಅವರು ಇನ್ನೊಮ್ಮೆ ಓದಿದರು.

"ಓದಿದ್ದೇ ಓದ್ತಾ ಕೂತ್ರೆ ಅಕ್ಷರ ಬದಲಾಗುತ್ತೇನ್ರೀ?" ಎಂದಳು ಹೆಂಡತಿ. ಲೋಟ ಎತ್ತಿಕೊಂಡು ಹೋಗುವಾಗ ಮೆಲ್ಲಗೆ ಸೇರಿಸಿದಳು, "ಅತ್ತಿಗೆ ಊಟ ಮಾಡ್ಲಿಲ್ಲ."

ಸೂಪರಿಂಟೆಂಡೆಂಟರಿಗೆ ಅಳು ಬಂತು. ಅರವತ್ತು ವರ್ಷದ ಗಂಡಸು ಜಗಲಿಯಲ್ಲಿ ಕೂತು ಅತ್ತರೆ ನೋಡಿದವರು ಏನಂದಾರು ಎಂದು ಎದ್ದು, ಶೆಡ್ಡಿಗೆ ಹೋಗಿ, ಡ್ಯಾಶ್‌ಬೋರ್ಡಿನ ತಗಡು ಬಿಚ್ಚಿದರು. ಕಟಿಂಗ್ ಪ್ಲೇಯರ್ ಕೈಗೆ ತೆಗೆದುಕೊಂಡು ಅಕ್ಕನನ್ನು ಕೂಗಿದರು.

ಅಕ್ಕ ಬಾಗಿಲಲ್ಲಿ ನಿಂತಳು. "ಏನೋ ಇದು?"

"ಹತ್ತಿ ಕೂತ್ಕೋ. ನಿನ್ನ ಕೈ ಎಲ್ಲೆಲ್ಲಿ ಹೋಗುತ್ತೋ ತೋರಿಸು. ಅಲ್ಲಲ್ಲಿಗೇ ಕಟ್ಟಿಕೊಡ್ತೀನಿ."

"ಆ ಪತ್ರ?"

"ರದ್ದಾಗುತ್ತೆ."

"ಯಾರಾದ್ರೂ ಹಿಡಿದು ಕೇಳಿದ್ರೆ?"

"ನಾನೇ ಮಾಡಿದ್ದು ಅಂತೀನಿ." ಅವರು ಡ್ಯಾಶ್‌ಬೋರ್ಡಿನೊಳಗೆ ಬಗ್ಗಿದರು. "ಎಲ್ಲಿಂದ ಶುರು ಮಾಡ್ಲಿ ಅಕ್ಕಾ? ನೀನೇ ಹೇಳು."

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಸೀರೆ ಎತ್ತಿಕಟ್ಟಿ ಸೀಟಿಗೆ ಹತ್ತಿದಳು.

"ಮೊದಲು ಆ ಕನ್ನಡಕ ಒರೆಸ್ಕೋ," ಎಂದಳು. "ಕಣ್ಣೇ ಕಾಣದೆ ಯಾವುದನ್ನ ಕತ್ತರಿಸ್ತೀಯೋ ಏನೋ."